ಮೇಲಿನ ಸ್ಲಾಟು, ಕೆಳಗಿನ ಸ್ಲಾಟು

ಹೊಸ ಸಾಮಾನಿನ ಪೆಟ್ಟಿಗೆಯೊಳಗೆ ಬರುವ ಪುಸ್ತಕವನ್ನು ಕೂತು ಓದುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಕನಿಕರ. ಪಾಪ, ಇವರಿಗೆ ತಮ್ಮ ಕೈಯ ಮೇಲೆ ನಂಬಿಕೆ ಇಲ್ಲ ಎಂದುಕೊಳ್ಳುತ್ತೇನೆ. ನಾನು ಆ ಜಾತಿಯವಳಲ್ಲ. ಪುಸ್ತಕ ನೋಡದೆ ಮಿಕ್ಸಿ ಜೋಡಿಸಿದ್ದೇನೆ, ಗೋಡೆಗೆ ಫ್ಯಾನು ಕೂರಿಸಿದ್ದೇನೆ, ಹೊಲಿಗೆ ಮೆಷಿನ್ನನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ದೇನೆ. ಕೊನೆಗೆ ಒಂದು ಸ್ಕ್ರೂ ಕೈಯಲ್ಲಿ ಉಳಿದದ್ದು ನಿಜ. ಆದರೆ ಮೆಷಿನ್ ಇವತ್ತಿಗೂ ಹೊಲಿಯುತ್ತದೆ. ಆದ್ದರಿಂದ ಮಾಡಿದವರೇ ಒಂದು ಸ್ಕ್ರೂ ಹೆಚ್ಚು ಹಾಕಿದ್ದರು ಎಂಬುದು ನನ್ನ ತೀರ್ಮಾನ.

ನಮ್ಮ ಮನೆಯಲ್ಲಿ ಇದಕ್ಕೆ ತೀರಾ ವಿರುದ್ಧವಾದ ಒಬ್ಬರಿದ್ದಾರೆ. ಅವರು ನನ್ನ ಮಾವ, ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದವರು. ಅಕ್ಷರ ಎಂದು ಕಂಡದ್ದನ್ನೆಲ್ಲ ಅವರು ಓದುತ್ತಾರೆ. ಮಾತ್ರೆಯ ಜೊತೆ ಎಂಟು ಮಡಿಕೆಯಾಗಿ ಬರುವ ಕಾಗದ, ಬಸ್ ಟಿಕೆಟಿನ ಹಿಂಬದಿ, ನೆಲಗಡಲೆ ಕಟ್ಟಿಕೊಟ್ಟ ಹಳೆಯ ಪ್ರಶ್ನೆಪತ್ರಿಕೆ, ಎಲ್ಲವನ್ನೂ. ಒಮ್ಮೆ ಸೊಳ್ಳೆಬತ್ತಿಯ ಡಬ್ಬಿಯನ್ನು ಓದಿ ಮುಗಿಸಿ, ‘ಇದ್ರ ಎದುರು ಕೂತು ಊಟ ಮಾಡ್ಬಾರ್ದಂತೆ’ ಎಂದು ತಟ್ಟೆ ಹಿಡಿದುಕೊಂಡು ಒಳಗೆ ಹೋದರು. ನಾವೆಲ್ಲ ಅಲ್ಲೇ ಕೂತು ಉಂಡೆವು. ಏನೂ ಆಗಲಿಲ್ಲ, ಆದರೆ ಅವರ ಊಟ ನಮಗಿಂತ ರುಚಿಯಾಗಿತ್ತೋ ಏನೋ ಎಂಬ ಸಣ್ಣ ಸಂಶಯ ನನಗೆ ಉಳಿಯಿತು.

ಕಡಬದಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಸ್ಟುಡಿಯೋ. ಮದುವೆ, ಗೃಹಪ್ರವೇಶ, ಸೀಮಂತಗಳ ವೀಡಿಯೋ ತೆಗೆದು, ಕತ್ತರಿಸಿ, ಜೋಡಿಸಿ, ಹಾಡು ಕೂರಿಸಿ ಕೊಡುವುದು ನನ್ನ ಕೆಲಸ. ಈಗಿನ ಕ್ಯಾಮರಾಗಳು ತುಂಬ ಚಂದ, ಆದರೆ ಒಂದು ಮದುವೆ ತೆಗೆದರೆ ಕಂಪ್ಯೂಟರಿನ ಹೊಟ್ಟೆ ಕುತ್ತಿಗೆಯವರೆಗೆ ತುಂಬುತ್ತದೆ. ಅದಕ್ಕಾಗಿ ಪುತ್ತೂರಿನ ನವೀನರ ಅಂಗಡಿಯಿಂದ ಎರಡು ಹೊಸ ಎಸ್‌ಎಸ್‌ಡಿ ತಂದೆ. ಎಸ್‌ಎಸ್‌ಡಿ ಎಂದರೆ ವೀಡಿಯೋ ತುಂಬಿಡುವ ಉಗ್ರಾಣ. ನೋಡಲು ಮಾತ್ರ ಬೆರಳುದ್ದದ ತೆಳು ಪಟ್ಟಿ. ಒಂದು ಮೊದಲೇ ಒಳಗಿತ್ತು, ಈಗ ಒಟ್ಟು ಮೂರು. ‘ಹಾಕಿ ಕೊಡ್ಲಾ ಶೈಲಕ್ಕ?’ ಎಂದು ನವೀನರು ಕೇಳಿದರು. ‘ಅದೆಂತ ದೊಡ್ಡ ಕೆಲಸ ಮಾರಾಯ್ರೆ’ ಎಂದು ಚೀಲಕ್ಕೆ ಹಾಕಿಕೊಂಡು ಬಂದೆ.

ಅದೇ ವಾರ ನನ್ನ ಕೈಯಲ್ಲಿದ್ದದ್ದು ಇಚಿಲಂಪಾಡಿಯ ಕುಸುಮಕ್ಕನ ಮಗಳ ಮದುವೆಯ ವೀಡಿಯೋ. ಕುಸುಮಕ್ಕ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಊರಿನ ಎಷ್ಟೋ ಮಕ್ಕಳಿಗೆ ಬಡಿಸಿದ ಆ ಹೆಂಗಸು ಮಗಳ ಮದುವೆಗೆ ಎರಡು ದಿನ ಇರುವಾಗ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡರು. ಪುತ್ತೂರಿನ ಆಸ್ಪತ್ರೆಯಲ್ಲಿ ಮಲಗಿದಲ್ಲಿಂದಲೇ, ‘ಮುಹೂರ್ತ ತಪ್ಪಿಸ್ಬೇಡಿ’ ಎಂದು ಹಟ ಹಿಡಿದು ಮದುವೆ ನಡೆಸಿದರು. ಮಗಳು ಅಕ್ಷತಾಳ ಧಾರೆ ಎರೆದದ್ದು ಚಿಕ್ಕಪ್ಪ, ಚಿಕ್ಕಮ್ಮ. ಈಗ ಕುಸುಮಕ್ಕ ಮನೆಗೆ ಬಂದಿದ್ದರು. ನರ್ಸ್ ಕೆಲಸದ ಅಕ್ಷತಾ ಆದಿತ್ಯವಾರ ಗಂಡನ ಜೊತೆ ಸೂರತ್‌ಗೆ ಹೊರಡುವವಳು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮದುವೆಯನ್ನು ಒಮ್ಮೆ ನೋಡಬೇಕು ಎಂಬುದೊಂದೇ ಅವರ ಆಸೆ. ‘ಆಗ್ಬಹುದಾ ಶೈಲಾ? ಕಷ್ಟ ಆದ್ರೆ ಬೇಡ’ ಎಂದು ಫೋನಿನಲ್ಲಿ ಕೇಳಿದ್ದರು. ‘ಶನಿವಾರ ಸಾಯಂಕಾಲ ನಾನೇ ತಂದು ತೋರಿಸ್ತೇನೆ. ನನ್ನ ಕಂಪ್ಯೂಟರಿಗೆ ಈಗ ಮೂರು ಎಸ್‌ಎಸ್‌ಡಿ ಕುಸುಮಕ್ಕ, ಅರ್ಧ ಸಮಯ ಸಾಕು’ ಎಂದೆ. ಆಗ ಅವು ಇನ್ನೂ ಪೆಟ್ಟಿಗೆಯಲ್ಲೇ ಇದ್ದವು.

ಸೋಮವಾರ ಬೆಳಿಗ್ಗೆ ದೋಸೆ ತಿಂದು ಕೆಲಸಕ್ಕೆ ಕೂತೆ. ಒಂದು ಹೊಸ ಪಟ್ಟಿಗೆ ಒಳಗೇ ಜಾಗ ಇತ್ತು, ಒತ್ತಿದೆ, ಕೂತಿತು. ಇನ್ನೊಂದಕ್ಕೆ ನವೀನರು ಒಂದು ಸಣ್ಣ ಅಡಾಪ್ಟರ್ ಹಲಗೆ ಕೊಟ್ಟಿದ್ದರು. ಅದನ್ನು ಯಾವುದಾದರೂ ಸ್ಲಾಟಿಗೆ, ಎಂದರೆ ಕಂಪ್ಯೂಟರಿನ ಒಳಹಲಗೆಯಲ್ಲಿರುವ ಉದ್ದ ಸೀಳಿಗೆ, ಸಿಕ್ಕಿಸಬೇಕು. ಆದರೆ ಹತ್ತಿರದ ಸಣ್ಣ ಸ್ಲಾಟನ್ನೆಲ್ಲ ಗ್ರಾಫಿಕ್ಸ್ ಕಾರ್ಡು ಮುಚ್ಚಿಕೊಂಡು ಕೂತಿತ್ತು. ಪರದೆಯ ಮೇಲೆ ಚಿತ್ರ ಓಡಿಸುವುದು ಈ ಕಾರ್ಡಿನ ಕೆಲಸ. ಎರಡು ಫ್ಯಾನುಗಳಿರುವ, ಇಟ್ಟಿಗೆಯಷ್ಟು ದಪ್ಪದ ಆಸಾಮಿ. ನೋಡಿದರೆ ಮೇಲೊಂದು, ಕೆಳಗೊಂದು, ಒಂದೇ ಉದ್ದದ ಎರಡು ಸ್ಲಾಟುಗಳು. ಇಷ್ಟೇ ತಾನೆ? ಹೊಸ ಎಸ್‌ಎಸ್‌ಡಿಗೆ ಮೇಲಿನ ಜಾಗವೇ ಇರಲಿ ಎಂದು ಕಾರ್ಡನ್ನು ಕಿತ್ತು ಕೆಳಗಿನದಕ್ಕೆ ಹಾಕಿದೆ, ಮೇಲೆ ತೆರವಾದ ಜಾಗದಲ್ಲಿ ಅಡಾಪ್ಟರನ್ನು ಸಿಕ್ಕಿಸಿದೆ. ಒಂದು ಸ್ಕ್ರೂ ಕೂಡ ಉಳಿಯಲಿಲ್ಲ. ಮುಚ್ಚಳ ಹಾಕಿ, ಮಾವನನ್ನು ಕರೆದು ತೋರಿಸಿದೆ. ‘ಪುಸ್ತಕ ಎಲ್ಲುಂಟು?’ ಎಂದು ಅವರು ಕೇಳಿದ್ದು ಅದೊಂದೇ. ಕಂಪ್ಯೂಟರಿನ ಜೊತೆ ಬಂದಿದ್ದ ಪುಸ್ತಕವನ್ನು ಕಪಾಟಿನ ಅಡಿಯಿಂದ ತೆಗೆದು ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಅವರಿಗೂ ಓದಲು ಏನಾದರೂ ಬೇಕಲ್ಲ.

ಮಂಗಳವಾರ ಮದುವೆಯನ್ನು ತೆರೆದೆ. ವರ ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ನಾನು ಅಡುಗೆಮನೆಗೆ ಹೋಗಿ ಕುಕ್ಕರ್ ನೋಡಿ ಬರುವಾಗ ಆ ಕೈ ಹೆಗಲ ಮಟ್ಟಕ್ಕೆ ಇಳಿದಿತ್ತು. ಬಣ್ಣ ಸರಿಮಾಡಿದಲ್ಲೆಲ್ಲ ಚಿತ್ರ ಹೆಪ್ಪುಗಟ್ಟುತ್ತಿತ್ತು. ಹಿಂದೆ ನಿಂತು ನೋಡಿದ ಮಾವ, ‘ಇದು ಫೋಟೋನಾ, ವೀಡಿಯೋನಾ?’ ಎಂದು ನಿಜವಾಗಿಯೂ ತಿಳಿಯದೆ ಕೇಳಿದರು.

ತಪ್ಪು ನನ್ನದಿರಬಹುದು ಎಂಬ ಯೋಚನೆಯೇ ಬರಲಿಲ್ಲ. ಮೊದಲು ಕರೆಂಟನ್ನು ಬೈದೆ. ವೋಲ್ಟೇಜ್ ಕಡಿಮೆ ಇರಬೇಕೆಂದು ಫ್ರಿಜ್ ಆಫ್ ಮಾಡಿದೆ. ಹಾಲು ಒಡೆಯಿತು, ವೀಡಿಯೋ ಓಡಲಿಲ್ಲ. ಆಮೇಲೆ ಧೂಳನ್ನು ಬೈದೆ, ಸೈಕಲ್ ಪಂಪಿನಿಂದ ಒಳಗೆಲ್ಲ ಗಾಳಿ ಹೊಡೆದೆ. ಬಿಸಿಯಾಗುತ್ತಿದೆಯೋ ಎಂದು ಮುಚ್ಚಳ ತೆಗೆದು ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿಟ್ಟೆ. ನಾನು ಬೆವರಿದೆ, ಅದು ತಣ್ಣಗೆ ಕೂತಿತು. ಬುಧವಾರ ಅಭಿಮಾನ ಬಿಟ್ಟು ನವೀನರಿಗೆ ಫೋನ್ ಮಾಡಿದೆ. ಪೂರ್ತಿ ಬಿಟ್ಟಿರಲಿಲ್ಲ ಎಂದು ಈಗ ಅನಿಸುತ್ತದೆ. ಯಾಕೆಂದರೆ ಅವರು ಕೇಳಿದ ಮೊದಲ ಪ್ರಶ್ನೆಯೇ, ‘ಕಾರ್ಡ್ ಮೇಲಿನ ಸ್ಲಾಟಲ್ಲೇ ಉಂಟಲ್ವಾ ಶೈಲಕ್ಕ?’ ಎಂದು. ನಾನು, ‘ಇರ್ಬೇಕಾದಲ್ಲೇ ಉಂಟು’ ಎಂದೆ. ಸುಳ್ಳು ಹೇಳಿದೆನೆಂದು ನನಗೆ ಆಗ ಅನಿಸಲಿಲ್ಲ. ಎಲ್ಲಿ ಇರಬೇಕೆಂದು ತೀರ್ಮಾನಿಸಿದವಳು ನಾನೇ ತಾನೆ? ‘ಹಾಗಾದ್ರೆ ಕಾರ್ಡೇ ಹಾಳಾಗಿರ್ಬಹುದು, ತಗೊಂಡು ಬನ್ನಿ, ನೋಡುವ’ ಎಂದರು ಆ ಸಜ್ಜನ.

ಫೋನ್ ಇಡುವಷ್ಟರಲ್ಲಿ ಇನ್ನೊಂದು ಕರೆ. ಕುಸುಮಕ್ಕ. ‘ಎಲ್ಲಿಗೆ ಮುಟ್ಟಿತು ಶೈಲಾ?’ ‘ಆಗ್ತಾ ಉಂಟು ಕುಸುಮಕ್ಕ.’ ‘ನಾನು ಟಿವಿಯನ್ನು ಮಂಚದ ಎದುರು ಇಡ್ಸಿದೆ. ಡಾಕ್ಟ್ರು ಅರ್ಧ ಗಂಟೆ ಕೂರ್ಬಹುದು ಅಂದಿದ್ದಾರೆ. ಆ ಅರ್ಧ ಗಂಟೆಯನ್ನು ಶನಿವಾರಕ್ಕೇ ಅಂತ ಇಟ್ಟಿದ್ದೇನೆ.’ ನನ್ನ ಧೈರ್ಯ ಮೊದಲ ಸಲ ಕಾಲಡಿಯಿಂದ ಸ್ವಲ್ಪ ಜಾರಿತು. ಪರದೆಯ ಮೇಲೆ ವರ ಇನ್ನೂ ಕೈ ಇಳಿಸುತ್ತಿದ್ದ. ಈ ಲೆಕ್ಕದಲ್ಲಿ ಹೋದರೆ ಧಾರೆಯ ಹೊತ್ತಿಗೆ ಅಕ್ಷತಾ ಸೂರತ್ ಮುಟ್ಟಿ ಒಂದು ತಿಂಗಳ ಡ್ಯೂಟಿ ಮುಗಿಸಿರುತ್ತಾಳೆ.

ಗುರುವಾರ ಬೆಳಿಗ್ಗೆ ಕಂಪ್ಯೂಟರನ್ನು ಪುತ್ತೂರಿನ ಬಸ್ಸಿಗೆ ಹತ್ತಿಸಲು ಬೆಡ್‌ಶೀಟಿನಲ್ಲಿ ಕಟ್ಟುತ್ತಿದ್ದೆ. ಮಾವ ಪುಸ್ತಕದ ಒಂದು ಪುಟಕ್ಕೆ ಬೆರಳಿಟ್ಟುಕೊಂಡು ಬಂದರು.

‘ಶೈಲಾ, ನೀನು ಆ ದಪ್ಪದ್ದನ್ನು ಕೆಳಗೆ ಹಾಕಿದ್ದಲ್ವಾ?’

‘ಹೌದು ಮಾವ. ಎರಡೂ ಒಂದೇ ಸ್ಲಾಟ್.’

‘ಉದ್ದ ಮಾತ್ರ ಒಂದೇ. ಮೇಲಿನದ್ರಲ್ಲಿ ಹದಿನಾರು ಉಂಟು, ಕೆಳಗಿನದ್ರಲ್ಲಿ ನಾಲ್ಕೇ.’

‘ಎಂತ ನಾಲ್ಕು?’

‘ಅದು ನಂಗೆ ಗೊತ್ತಿಲ್ಲ. ಲೇನ್ ಅಂತ ಬರ್ದಿದ್ದಾರೆ. ಮತ್ತೆ ಇಲ್ಲಿ ನೋಡು, ನಕ್ಷತ್ರ ಹಾಕಿ ಸಣ್ಣ ಅಕ್ಷರದಲ್ಲಿ ಉಂಟು. ಎರಡನೇ ಎಸ್‌ಎಸ್‌ಡಿ ಜಾಗ ತುಂಬಿದ್ರೆ ಕೆಳಗಿನ ಸ್ಲಾಟಿಗೆ ಆ ನಾಲ್ಕರಲ್ಲಿ ಎರಡೇ ಸಿಗುದು. ನೀನು ಅದನ್ನೂ ತುಂಬಿದ್ದಿಯಲ್ಲ? ಅರ್ಥ ನೀನು ನೋಡ್ಕೊ, ನಿಯಮ ಇದು.’

ಬೆಡ್‌ಶೀಟ್ ಬಿಚ್ಚಿದೆ. ಕಾರ್ಡನ್ನು ತೆಗೆದು ಟಾರ್ಚ್ ಹಿಡಿದು ನೋಡಿದರೆ, ಕೆಳಗಿನ ಸ್ಲಾಟಿನ ಒಂದು ತುದಿಯಲ್ಲಿ ಮಾತ್ರ ಲೋಹದ ಹಲ್ಲುಗಳು ಹೊಳೆಯುತ್ತಿದ್ದವು. ಉಳಿದದ್ದು ಬರೀ ಪ್ಲಾಸ್ಟಿಕ್ ಬೊಚ್ಚುಬಾಯಿ. ಹದಿನಾರು ದಾರಿಯಲ್ಲಿ ಚಿತ್ರ ಸಾಗಿಸಬೇಕಾದ ಕಾರ್ಡನ್ನು ನಾನು ಎರಡು ದಾರಿಗೆ ದೂಡಿ, ಆಮೇಲೆ ಎರಡು ದಿನ ಕರೆಂಟನ್ನು ಬೈದಿದ್ದೆ. ಮಾವ ಪುಸ್ತಕ ಹಿಡಿದು ನಿಂತರು, ನಾನು ಜೋಡಿಸಿದೆ. ಕಾರ್ಡು ವಾಪಸು ಮೇಲಕ್ಕೆ. ಮದುವೆಯ ವೀಡಿಯೋ ಮೊದಲಿನಿಂದ ಇದ್ದ ಎಸ್‌ಎಸ್‌ಡಿಗೆ, ಅದರ ದಾರಿ ಪ್ರತ್ಯೇಕವಂತೆ, ಯಾರ ಪಾಲನ್ನೂ ಕೇಳುವುದಿಲ್ಲವಂತೆ. ಹೊಸದು ಒಂದು ಒಳಗೇ ಉಳಿಯಿತು, ಇನ್ನೊಂದು ಅಡಾಪ್ಟರ್ ಸಮೇತ ಕೆಳಗಿನ ಸ್ಲಾಟಿಗೆ ಹೋಯಿತು. ‘ಅವೆರಡೂ ಎರಡೆರಡು ಹಂಚಿಕೊಳ್ತವೆ, ವೇಗ ಅರ್ಧ ಆಗ್ತದೆ’ ಎಂದು ಮಾವ ಎಚ್ಚರಿಸಿದರು. ಆಗಲಿ, ಹಳೆಯ ಮದುವೆಗಳನ್ನು ಮಲಗಿಸಿಡುವ ಜಾಗಕ್ಕೆ ಅಷ್ಟು ಸಾಕು. ಆನ್ ಮಾಡಿ, ಕಾರ್ಡಿನ ವಿವರ ತೋರಿಸುವ ಕಿಟಕಿ ತೆರೆದು ಇಬ್ಬರೂ ಬಗ್ಗಿದೆವು. ಹದಿನಾರು ಎಂದಿತ್ತು. ಮಾವ ಪುಸ್ತಕದಲ್ಲೂ ಒಮ್ಮೆ ನೋಡಿ ತಾಳೆ ಮಾಡಿ, ‘ಸರಿ ಉಂಟು’ ಎಂದರು. ವರ ಕೈ ಎತ್ತಿದ, ಇಳಿಸಿದ, ನಕ್ಕ, ಹಾರ ಹಾಕಿಸಿಕೊಂಡ, ಎಲ್ಲ ಒಂದೇ ಉಸಿರಿಗೆ.

ಶುಕ್ರವಾರವಿಡೀ ಕೂತು, ಶನಿವಾರ ಮಧ್ಯಾಹ್ನಕ್ಕೆ ಮುಗಿಸಿ, ಅರ್ಧ ಗಂಟೆಗೆ ಸರಿಯಾಗಿ ಕತ್ತರಿಸಿ, ಜೀಪು ಹತ್ತಿ ಇಚಿಲಂಪಾಡಿಗೆ ಹೋದೆ. ಕುಸುಮಕ್ಕ ಹೊಸ ಸೀರೆ ಉಟ್ಟು, ದಿಂಬಿಗೆ ಒರಗಿ ಕೂತಿದ್ದರು. ಮದುವೆಗೆಂದು ತೆಗೆದಿಟ್ಟ ಸೀರೆ. ಅಕ್ಷತಾ ಅಮ್ಮನ ಬೆನ್ನಿಗೆ ಕೈ ಕೊಟ್ಟು ಮಂಚದ ಮೇಲೆ ಕೂತಳು. ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿದೆ. ದಿಬ್ಬಣ ಬಂತು, ನೆಂಟರು ನಕ್ಕರು, ಧಾರೆಯ ಹೊತ್ತಾಯಿತು. ಚಿಕ್ಕಮ್ಮ ತಂಬಿಗೆ ಎತ್ತಿದರು, ನೀರು ಬಿತ್ತು, ಕೈಗಳು ಒದ್ದೆಯಾದವು, ಮುಗಿಯಿತು. ಅಷ್ಟು ಚುರುಕಾಗಿ ಓಡಿದ್ದಕ್ಕೆ ನಾನು ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

‘ಶೈಲಾ’ ಎಂದರು ಕುಸುಮಕ್ಕ ಮೆಲ್ಲಗೆ. ‘ಇದನ್ನು ಸ್ವಲ್ಪ ನಿಧಾನ ಮಾಡ್ಲಿಕ್ಕೆ ಆಗ್ತದಾ?’

ಮಂಗಳವಾರ ನಮ್ಮ ಮನೆಗೆ ಬಂದಿದ್ದರೆ ಬೇಕಾದಷ್ಟು ನಿಧಾನ ತೋರಿಸುತ್ತಿದ್ದೆ ಎಂದು ಹೇಳಬೇಕೆನಿಸಿತು. ಬದಲಿಗೆ ಹಿಂದಕ್ಕೆ ಹೋಗಿ ನಾಲ್ಕು ಪಟ್ಟು ನಿಧಾನ ಮಾಡಿದೆ. ತಂಬಿಗೆ ತೇಲುತ್ತ ಮೇಲೆದ್ದಿತು. ನೀರು ಹನಿಹನಿಯಾಗಿ ಇಳಿಯಿತು. ಆಗ ಪರದೆಯ ಎಡಗಡೆಯಿಂದ, ಗಾಜಿನ ಬಳೆ ತೊಟ್ಟ ಒಂದು ದಪ್ಪ ಕೈ ಗಂಭೀರವಾಗಿ ಒಳಗೆ ಬಂತು. ಬೆರಳು ಚಾಚಿತು. ‘ಸರಿಯಿರಿ, ಆಚೆ ಸರಿಯಿರಿ’ ಎಂದು ಯಾರಿಗೋ ಅಧಿಕಾರದಿಂದ ಬೀಸಿತು, ಮದುಮಗಳ ಮುಖದ ಮುಂದೆ ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ.

‘ಇದು ಯಾರ ಕೈ?’ ಎಂದರು ಕುಸುಮಕ್ಕ.

ನನ್ನದು. ಸ್ಟ್ಯಾಂಡಿನ ಮೇಲೊಂದು ಕ್ಯಾಮರಾ ನಿಲ್ಲಿಸಿ, ನಾನು ಇನ್ನೊಂದನ್ನು ಹಿಡಿದು, ಅಡ್ಡ ನಿಂತ ದೊಡ್ಡಪ್ಪನನ್ನು ಸರಿಸುತ್ತಿದ್ದೆ. ವೇಗದಲ್ಲಿ ರೆಪ್ಪೆ ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತಿದ್ದ ಆ ಕೈ ಈಗ ಇಡೀ ಟಿವಿಯನ್ನು ಆಳುತ್ತಿತ್ತು. ಅಕ್ಷತಾ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಕತ್ತರಿಸಿ ತೆಗೆದುಬಿಡುತ್ತೇನೆ, ನಾಳೆ ಹೊರಡುವುದರೊಳಗೆ ಬೇರೆಯದೇ ಕೊಡುತ್ತೇನೆ ಎಂದು ನಾನು ಒಂದೇ ಸಮನೆ ಹೇಳುತ್ತ ಹೋದೆ.

‘ಬೇಡ ಮಾರಾಯ್ತಿ, ಇರ್ಲಿ’ ಎಂದರು ಕುಸುಮಕ್ಕ, ಪರದೆಯಿಂದ ಕಣ್ಣು ತೆಗೆಯದೆ. ‘ನಾನು ಅಲ್ಲಿ ಇದ್ದಿದ್ರೆ ನಾನೂ ಹೀಗೇ ಕೈ ಬೀಸ್ತಿದ್ದೆ. ಇದು ನಂದೇ ಅಂತ ತಿಳ್ಕೊಳ್ತೇನೆ. ಇನ್ನೊಂದು ಸಲ ಹಾಕು ನೋಡುವ.’

ಹಾಕಿದೆ. ಮೂರು ಸಲ ಹಾಕಿಸಿದರು. ಆ ಮದುವೆಯಲ್ಲಿ ಸರಿಯಾದ ಜಾಗದಲ್ಲಿ ಇದ್ದದ್ದು ಕೊನೆಗೂ ನನ್ನ ಕೈ ಒಂದೇ. ಅದನ್ನು ಅಲ್ಲಿ ಇಟ್ಟದ್ದು ಮಾತ್ರ ನಾನಲ್ಲ, ಕುಸುಮಕ್ಕ.