ಗಿಟಾರಿಗೆ ಗಂಧ ಮೆತ್ತಿದ್ದು

ಮಾತು ಕಡಿಮೆ ಇರುವವರು ಸಾಧುಗಳು ಎಂದು ಲೋಕದಲ್ಲಿ ಒಂದು ನಂಬಿಕೆ ಇದೆ. ಈ ನಂಬಿಕೆಯಿಂದ ನಾನು ಬಹಳ ವರ್ಷ ಲಾಭ ಪಡೆದಿದ್ದೇನೆ. ಮಕ್ಕಳೇ, ನಿಜ ಹೇಳುತ್ತೇನೆ, ನಾಚಿಕೆಯವರಷ್ಟು ಅಪಾಯದ ಜನ ಬೇರೆ ಇಲ್ಲ. ಅವರು ಬಾಯಿಯಲ್ಲಿ ಹೇಳಲಾಗದ್ದನ್ನು ಕೈಯಲ್ಲಿ ಮಾಡಿಬಿಡುತ್ತಾರೆ. ನಿಮ್ಮ ಅಜ್ಜನ ಹತ್ತಿರ ಒಂದು ಹಳದಿ ಶರ್ಟು ಇತ್ತು. ಪೂಜೆ ಮುಗಿಸಿ ಪೇಟೆಗೆ ಹೋಗುವಾಗ ಅದನ್ನೇ ಹಾಕುತ್ತಿದ್ದರು. ನನಗೆ ಅದು ಕಣ್ಣಿಗಾಗುತ್ತಿರಲಿಲ್ಲ, ಆದರೆ ಹೇಳಲು ಬಾಯಿ ಬರಲಿಲ್ಲ. ಒಂದು ದಿನ ಅದು ನೆಲ ಒರೆಸುವ ಬಟ್ಟೆಯಾಗಿ ಕಾಣಿಸಿಕೊಂಡಿತು. "ಹರಿದಿತ್ತು" ಎಂದೆ. ಯಾರು ಹರಿದದ್ದೆಂದು ಅವರು ಕೇಳಲಿಲ್ಲ. ಹೀಗೆ ನಲವತ್ತು ವರ್ಷ ಸಂಸಾರ ಸುಖವಾಗಿ ನಡೆಯಿತು. ಈಗ ಬರೆಯಲು ಹೊರಟದ್ದು ಶರ್ಟಿನ ವಿಷಯವಲ್ಲ, ನಿಮ್ಮ ಶ್ರಾವ್ಯಕ್ಕನ ಗಿಟಾರಿನ ವಿಷಯ.

ದೇರೆಬೈಲಿನ ನಮ್ಮ ಮನೆಗೆ ಆ ಗಿಟಾರ್ ಬಂದದ್ದು ನೌಫಲನ ಕೈಯಿಂದ. ನೌಫಲ್ ಶ್ರಾವ್ಯಳ ಕಾಲೇಜಿನವನು, ಅವರ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವವನು. ಬೋಳಾರದಲ್ಲಿ ಅವರ ಮನೆ, ಮನೆಯ ಕೆಳಗೇ ಬಟ್ಟೆ ಅಂಗಡಿ. ಅವನ ಮಾವ ದುಬೈಯಲ್ಲಿದ್ದಾಗ ಆಸೆಪಟ್ಟು ಕೊಂಡು, ಮೂರು ದಿನ ಬಾರಿಸಿ, ಹೆಂಡತಿಯ ಮುಖ ನೋಡಿ ಪೆಟ್ಟಿಗೆಯಲ್ಲಿ ಇಟ್ಟದ್ದಂತೆ. ನಾನು ಗಿಟಾರ್ ಎಂದರೆ ಕುಂಬಳಕಾಯಿಯ ಹಾಗೆ ಹೊಟ್ಟೆ ಇರುವ ವಾದ್ಯ ಎಂದುಕೊಂಡಿದ್ದೆ. ಇದು ಎಲೆಕ್ಟ್ರಿಕ್. ಹೊಟ್ಟೆಯೇ ಇಲ್ಲ. ಊಟದ ಮಣೆಗೆ ಉದ್ದದ ಹಿಡಿ ಜೋಡಿಸಿದ ಹಾಗೆ. ತೂಕವೋ, ಆರು ತಿಂಗಳ ಮಗುವಿನಷ್ಟು. ಸಾಲದ್ದಕ್ಕೆ ತಲೆಭಾರ. ಎಡಗೈ ಬಿಟ್ಟರೆ ನಿದ್ದೆ ಬಂದ ಮಗುವಿನ ಹಾಗೆ ತಲೆ ಕೆಳಗೆ ಹಾಕುತ್ತದೆ. ಆ ಎಡಗೈ ತಲೆಯನ್ನೂ ಹೊರಬೇಕು, ತಂತಿಯನ್ನೂ ಒತ್ತಬೇಕು. ಹುಡುಗಿ ಸಂಜೆ ಹೊತ್ತಿಗೆ ಭುಜಕ್ಕೆ ನೋವಿನೆಣ್ಣೆ ಹಚ್ಚಿಸಿಕೊಳ್ಳಲು ನನ್ನ ಹತ್ತಿರ ಬರುತ್ತಿದ್ದಳು. ಮಣೆಯ ಬಲಗಡೆ ಎರಡು ದುಂಡು ನಾಬುಗಳು. ಒಂದು ತಂತಿಯ ಪಕ್ಕದಲ್ಲೇ, ಇನ್ನೊಂದು ಸ್ವಲ್ಪ ಕೆಳಗೆ. ಅವುಗಳಲ್ಲಿ ಒಂದು ಸದ್ದಿನದ್ದು. ಅದೇ ಈ ಕತೆಯ ಖಳ.

ಆದದ್ದು ಹೀಗೆ. ಪಾಟಿನ, ಎಂದರೆ ಹಾಡಿನ, ನಡುವೆ ಉಳಿದವರೆಲ್ಲ ತಗ್ಗಿ, ಗಿಟಾರ್ ಒಂದೇ ಮೇಲೆದ್ದು ನುಡಿಯುವ ಭಾಗ ಒಂದು ಉಂಟು. ಅದಕ್ಕೆ ಇವರು ಸೋಲೋ ಎನ್ನುತ್ತಾರೆ. ಕಾಲೇಜಿನ ಕಾರ್ಯಕ್ರಮದಲ್ಲಿ ಶ್ರಾವ್ಯಳ ಸೋಲೋ ಬಂತು. ಅವಳು ಕಣ್ಣು ಮುಚ್ಚಿ, ಕತ್ತು ಹಿಂದೆ ಹಾಕಿ, ಬೆರಳು ಕಾಣದಷ್ಟು ವೇಗವಾಗಿ ಬಾರಿಸಿದಳು. ಆದರೆ ಸದ್ದೇ ಇಲ್ಲ. ಬಾರಿಸುವ ಕೈಯ ಕಿರುಬೆರಳು ತಾಗಿ ಸದ್ದಿನ ನಾಬ್ ಸೊನ್ನೆಗೆ ತಿರುಗಿತ್ತು. ಇಡೀ ಸಭೆ ಒಂದು ನಿಮಿಷ ಅವಳ ಮೂಕಾಭಿನಯ ನೋಡಿತು. ಮನೆಗೆ ಬಂದು ತಲೆದಿಂಬಿಗೆ ಮುಖ ಒತ್ತಿ ಅತ್ತಳು. ಮರುದಿನ ನೌಫಲ್ ಸಮಾಧಾನ ಮಾಡಲು ಬಂದ. ಅವನ ಸಮಾಧಾನ ಹೀಗಿತ್ತು: "ಬೇಜಾರು ಮಾಡ್ಬೇಡ ಮಾರಾಯ್ತಿ. ಇನ್ನೊಂದು ಚಾನ್ಸ್ ಉಂಟು, ದಶಮಿ ದಿನದ್ದು. ಆವಾಗ್ಲೂ ಹೀಗೆ ಆದ್ರೆ ಮಾತ್ರ ಸೋಲೋ ಕೀಬೋರ್ಡಿನವನಿಗೆ ಕೊಡ್ತೇವೆ. ನಾನು ಹೇಳಿದ್ದಲ್ಲ, ಎಲ್ಲರೂ ಹೇಳಿದ್ದು."

ಅಂಗಡಿಯಲ್ಲಿ ಕೇಳಿದಾಗ ಬಿಗಿಯಾದ ನಾಬ್ ತರಿಸಲು ತಿಂಗಳು ಬೇಕೆಂದರು. ಶ್ರಾವ್ಯ ಟೇಪು ಅಂಟಿಸಿ ನೋಡಿದಳು. ನಮ್ಮ ಊರಿನ ಸೆಕೆಗೆ ಬೆವರು ಹೀರಿ ಅದು ಎರಡನೆಯ ಪಾಟಿಗೆ ಕಿತ್ತು ಬಂತು. ಸದ್ದು ಏರಿಸಿ ಇಳಿಸಲು ಕಾಲಡಿಯಲ್ಲಿ ಬೇರೆ ಪೆಡಲ್ ಇತ್ತು. ಆದ್ದರಿಂದ ಆ ನಾಬು ತಿರುಗದೆ ಇದ್ದರೆ ಸಾಕಾಗಿತ್ತು. ಈ ಮಾತು ನನ್ನ ಕಿವಿಗೆ ಬಿದ್ದದ್ದೇ ಮುಂದಿನದ್ದಕ್ಕೆಲ್ಲ ಕಾರಣ.

ಅಷ್ಟರೊಳಗೆ ತಂತಿಗಳದ್ದು ಬೇರೆ ರಗಳೆ. ಹೊಸ ತಂತಿ ಹಾಕಿದ್ದಳು. ಶ್ರುತಿ ಮಾಡಿ ಅರ್ಧ ಪಾಟು ಬಾರಿಸುವುದರೊಳಗೆ ಇಳಿಯುತ್ತಿತ್ತು. ಮತ್ತೆ ಬಿರಡೆಯ ಕಿವಿ ಹಿಂಡುವುದು, ಮತ್ತೆ ಇಳಿಯುವುದು. ನಾನು ಅಡುಗೆಮನೆಯ ಬಾಗಿಲಲ್ಲಿ ಮಲ್ಲಿಗೆ ಕಟ್ಟುತ್ತಿದ್ದೆ. ಬಾಳೆನಾರನ್ನು ನೀರಲ್ಲಿ ನೆನೆಸಿ, ಎರಡು ಸಲ ಜಗ್ಗಿ, ಆಮೇಲೆ ಹೂ ಕಟ್ಟುವುದು. ಜಗ್ಗದೆ ಕಟ್ಟಿದರೆ ಮುಡಿಯುವ ಹೊತ್ತಿಗೆ ಸಡಿಲವಾಗಿ ಹೂವೆಲ್ಲ ಕೆಳಗೆ. ನನ್ನ ಬಾಯಿಂದ ಹೇಗೋ ಹೊರಬಿತ್ತು: "ಮೊದಲೇ ಸ್ವಲ್ಪ ಜಗ್ಗಿದ್ದೀಯಾ ಮಗಾ?" ಶ್ರಾವ್ಯ, ಪಕ್ಕದಲ್ಲಿ ಕುಳಿತಿದ್ದ ನೌಫಲ್ ಇಬ್ಬರೂ ನನ್ನ ಕಡೆ ತಿರುಗಿದರು. ನಾನು ತಕ್ಷಣ ಹೂವಿನೊಳಗೆ ಮುಖ ಹಾಕಿದೆ. ನೌಫಲ್ ಒಂದೊಂದೇ ತಂತಿಯನ್ನು ಬೆರಳಲ್ಲಿ ಮೆಲ್ಲ ಎತ್ತಿ ಎಳೆದು ಮತ್ತೆ ಶ್ರುತಿ ಮಾಡಿದ. ನಾಲ್ಕು ಸಲ ಹಾಗೆ ಮಾಡಿದ ಮೇಲೆ ನಿಂತಿತು. "ಅಜ್ಜಿ ಹೇಳಿದ್ದು ಕರೆಕ್ಟ್ ಉಂಟಲ್ಲ!" ಎಂದ. ನನಗೆ ಮೂರು ದಿನಕ್ಕೆ ಸಾಕಾಗುವಷ್ಟು ನಾಚಿಕೆ ಆಯಿತು. ಆ ಹೊಗಳಿಕೆಯ ಧೈರ್ಯದಲ್ಲಿ ಇನ್ನೊಂದು ಮಾತನ್ನೂ ಮೆಲ್ಲನೆ ಅಂದೆ. "ಅಷ್ಟು ಕೆಳಗೆ ನೇತುಹಾಕಿದ್ದೆಂತಕ್ಕೆ? ಕೈ ಮುರಿದು ಬಿದ್ದ ಹಾಗೆ ಕಾಣ್ತದೆ." ಗಿಟಾರು ಅವಳ ಮೊಣಕಾಲಿನ ಹತ್ತಿರ ತೂಗುತ್ತಿತ್ತು. "ಅಜ್ಜೀ, ಅದು ಸ್ಟೈಲ್! ಮೇಲೆ ಕಟ್ಟಿದ್ರೆ ಮಗುವನ್ನು ಎತ್ತಿಕೊಂಡ ಹಾಗೆ ಕಾಣ್ತದೆ" ಎಂದಳು. ನಾನು ಮತ್ತೆ ಹೂ ಕಟ್ಟತೊಡಗಿದೆ.

ನಾಬಿನ ವಿಷಯದಲ್ಲಿ ಮಾತ್ರ ಬಾಯಿ ಬಿಡುವ ಹಕ್ಕು ನನಗೆ ಮನೆಯಲ್ಲಿ ಇಲ್ಲ. ಸೊಸೆ ಮೂರು ಒಲೆಯ ಗ್ಯಾಸ್ ಸ್ಟವ್ ತಂದ ಮೇಲೆ ನಾನು ಸಾರಿನ ಒಲೆ ಆರಿಸಲು ಹೋಗಿ ಅನ್ನದ ಒಲೆ ಆರಿಸಿದ್ದನ್ನೆಲ್ಲ ಅವಳು ಮರೆತಿಲ್ಲ. ಹತ್ತಿರದ ನಾಬು ಹತ್ತಿರದ ಒಲೆಗಲ್ಲ, ಹಿಂದಿನದ್ದಕ್ಕೆ. ಇದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ಹೀಗಾಗಿ ಆಡಲಾಗದ್ದನ್ನು ನಾನು ಎಂದಿನಂತೆ ಮಾಡಿದೆ.

ನಮ್ಮಲ್ಲಿ ನವರಾತ್ರಿಯಲ್ಲಿ ಶಾರದಾ ಪೂಜೆಗೆ ಪುಸ್ತಕ, ವಾದ್ಯ ಎಲ್ಲ ದೇವರ ಮುಂದೆ ಇಡುವುದು, ದಶಮಿಯ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಗಿಟಾರನ್ನೂ ಇಡಬೇಕೆಂದು ನಾನು ಮಗನ ಮೂಲಕ ಹೇಳಿಸಿದೆ. ಶ್ರಾವ್ಯ ಹಾರಾಡಿದಳು. "ದಶಮಿ ಸಂಜೆ ಶೋ ಉಂಟಪ್ಪಾ! ಪ್ರಾಕ್ಟೀಸ್ ಬೇಡವಾ?" ಮಗ ಕಾಲೇಜಿನಲ್ಲಿ ಪಾಠ ಮಾಡುವವನು, ಮನೆಯಲ್ಲಿ ಅರ್ಚಕ. "ಅಜ್ಜ ಇದ್ದಿದ್ರೆ ಇಡಿಸ್ತಿದ್ರು" ಎಂದ. ಅಜ್ಜನ ಹೆಸರು ಬಂದ ಮೇಲೆ ಅವಳು ಸೋತಳು. ಅಭ್ಯಾಸಕ್ಕೆ ನೌಫಲನ ಇನ್ಯಾವುದೋ ಹಳೆಯ ಗಿಟಾರ್ ಹಿಡಿದು ಹೋದಳು.

ವಾದ್ಯ ಮುಟ್ಟಬಾರದ ಆ ದಿನಗಳಲ್ಲಿ, ಮಗನ ಪೂಜೆಯ ಹೊತ್ತು ಬಿಟ್ಟರೆ, ದೀಪ ಹಚ್ಚುವ ನೆವದಲ್ಲಿ ದೇವರ ಕೋಣೆಗೆ ಹೋಗುತ್ತಿದ್ದವಳು ನಾನೊಬ್ಬಳೇ. ಗಂಧವನ್ನು ಗಟ್ಟಿಯಾಗಿ ತೇಯ್ದೆ, ದೋಸೆ ಹಿಟ್ಟಿಗಿಂತ ಗಟ್ಟಿ. ಎರಡು ನಾಬುಗಳ ಮುಂದೆ ಕುಳಿತು ಯೋಚಿಸಿದೆ. ತಂತಿಯ ಪಕ್ಕದ್ದು ಸದ್ದಿನದ್ದು ಎಂದು ಯಾವ ದಡ್ಡನೂ ಹೇಳಿಯಾನು. ಆದರೆ ನಾನು ಸ್ಟವ್ ಕಲಿತವಳು. ಹತ್ತಿರದ್ದು ಯಾವತ್ತೂ ಹತ್ತಿರದ್ದಲ್ಲ! ಆದ್ದರಿಂದ ದೂರದ ನಾಬಿನ ಅಡಿಯ ಸಂದಿಗೆ ಹೇರ್‌ಪಿನ್ನಿನಿಂದ ಗಂಧ ತುಂಬಿಸಿದೆ. ಯಾರಿಗೂ ಸಂಶಯ ಬಾರದಂತೆ ಉಳಿದ ಕಡೆಗಳಿಗೂ ಒಂದೊಂದು ಬೊಟ್ಟು ಇಟ್ಟೆ. ಎರಡು ದಿನದಲ್ಲಿ ಅದು ಸಿಮೆಂಟಿನ ಹಾಗೆ ಗಟ್ಟಿಯಾಯಿತು. ಶಾರದೆ ನೋಡುತ್ತಿದ್ದಳು.

ದಶಮಿಯ ಸಂಜೆ ಕುಲಶೇಖರದ ಕಡೆಯ ಒಂದು ಸಭಾಂಗಣ. ನಾನು ಕಿವಿಗೆ ಹತ್ತಿ ಇಟ್ಟು, ಸೆರಗು ಹೊದ್ದು, ಎರಡನೆಯ ಸಾಲಿನಲ್ಲಿ ಕುಳಿತೆ. ಎದೆ ಬಡಿಯುತ್ತಿತ್ತು. ನೌಫಲನ ಡ್ರಮ್ಮಿಗೋ ನನ್ನ ಪಾಪಕ್ಕೋ ಗೊತ್ತಾಗಲಿಲ್ಲ. ಶ್ರಾವ್ಯ ಬಂದಳು. ಸೋಲೋಗೆ ಸ್ವಲ್ಪ ಮೊದಲು ಅವಳು ದೂರದ ನಾಬನ್ನು ತಿರುಗಿಸಲು ನೋಡಿದಳು. ತಿರುಗಲಿಲ್ಲ. ಬಗ್ಗಿ ನೋಡಿದಳು, ಮತ್ತೆ ತಿರುವಿದಳು. ಅವಳ ಮುಖ ಬಿಳಿಚಿತು, ನನ್ನದು ಅರಳಿತು. ಇನ್ನು ಸದ್ದು ಎಲ್ಲಿಗೂ ಹೋಗುವುದಿಲ್ಲ ಎಂದು ಕಣ್ಣುಮುಚ್ಚಿದೆ. ಆಮೇಲೆ ಕೇಳಿದ್ದು ಹತ್ತಿಯನ್ನೂ ದಾಟಿ ಬಂತು. ಹರಿತವಾದ, ಕೊನೆಯವರೆಗೂ ಒಂದು ಕ್ಷಣವೂ ಕುಂದದ ಸದ್ದು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನೂ ಎದ್ದೆ. ಸಾರ್ವಜನಿಕವಾಗಿ ನಾನು ಎದ್ದು ನಿಂತದ್ದು ಶಾಲೆ ಬಿಟ್ಟ ಮೇಲೆ ಅದೇ ಮೊದಲು. ಹೊರಗೆ ನೌಫಲ್ ಓಡಿ ಬಂದ. "ಕೀಬೋರ್ಡಿನವ ಇನ್ನು ಬಾಯಿ ಬಿಡುವ ಹಾಗಿಲ್ಲ ಅಜ್ಜಿ. ಸೋಲೋ ಇವಳದ್ದೇ!"

ಮನೆಯಲ್ಲಿ ಶ್ರಾವ್ಯ ಗಿಟಾರನ್ನು ನನ್ನ ಮುಂದೆ ಇಟ್ಟಳು. "ಅಜ್ಜೀ, ಇದೆಂತ?" ನಾಬಿನ ಸುತ್ತ ಬಿಳಿ ಪುಡಿ. "ಗಂಧ ಪ್ರಸಾದ" ಎಂದೆ. "ಪ್ರಸಾದ ನಾಬಿನ ಅಡಿಗೆ ಹೋಗ್ತದಾ?" ಎಂದು ಕೇಳಿದಳು. ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗ ಸ್ವಲ್ಪ ಜಂಬವೂ ಇತ್ತು, ಯಾಕೆಂದರೆ ಅವಳ ಮಾನ ಉಳಿಸಿದವಳು ನಾನಲ್ಲವೇ! ಅವಳು ನೆಲದ ಮೇಲೆ ಬಿದ್ದು ನಕ್ಕಳು. "ಅಜ್ಜೀ, ನೀವು ಗಂಧ ಹಾಕಿದ್ದು ಟೋನಿಗೆ! ಸ್ವರ ಮೆತ್ತಗೆ ಮಾಡುವ ನಾಬ್ ಅದು. ಅದಕ್ಕೇ ಅಷ್ಟು ಕಿರುಚಿದ್ದು. ಸದ್ದಿನ ನಾಬ್ ಮೊದಲಿನ ಹಾಗೇ ಲೂಸ್ ಉಂಟು, ನೋಡಿ." ನೋಡಿದೆ. ಬೆರಳು ತಾಗಿದರೆ ತಿರುಗುತ್ತಿತ್ತು. "ಮತ್ತೆ ಇವತ್ತು ಯಾಕೆ ತಿರುಗಲಿಲ್ಲ?" ಎಂದೆ. "ನೀವು ಹೇಳಿದ್ರಲ್ಲ, ಕೈ ಮುರಿದು ಬಿದ್ದ ಹಾಗೆ ಕಾಣ್ತದೆ ಅಂತ. ಆ ಹಳೆ ಗಿಟಾರಿನಲ್ಲಿ ಹೆಗಲ ಪಟ್ಟಿ ಗಿಡ್ಡ ಮಾಡಿ ಎತ್ತರಿಸಿ ನೋಡಿದೆ. ಕೈ ನೆಟ್ಟಗಾಯ್ತು, ಕಿರುಬೆರಳು ಅಲ್ಲಿಗೆ ಹೋಗುವುದೇ ಇಲ್ಲ. ಭುಜವೂ ನೋಯುವುದಿಲ್ಲ." ಅವಳು ವೇದಿಕೆಯಲ್ಲಿ ಗಿಟಾರನ್ನು ಮಗುವಿನ ಹಾಗೆ ಎತ್ತಿಕೊಂಡೇ ನಿಂತಿದ್ದಳು. ನಾಬಿನ ಮೇಲೇ ಕಣ್ಣಿಟ್ಟ ನನಗೆ ಅದು ಕಂಡಿರಲಿಲ್ಲ.

ಅಂದರೆ, ಕದ್ದು ಮಾಡಿದ್ದು ಹಾಳಾಯಿತು, ಹೆದರುತ್ತ ಆಡಿದ್ದು ಫಲಿಸಿತು. ಈ ವಯಸ್ಸಿನಲ್ಲಿ ಇಂಥದ್ದು ತಿಳಿಯಬಾರದಿತ್ತು. ಅಂದಿನಿಂದ ನನಗೆ ಬಾಯಿ ಬಂದಿದೆ. ಬ್ಯಾಂಡಿನವರು ಅಭ್ಯಾಸಕ್ಕೆ ನಮ್ಮ ಮನೆಗೇ ಬರುತ್ತಿದ್ದರು. ನಾನು ಈಗ ಬಾಗಿಲ ಮರೆಯಲ್ಲಲ್ಲ, ಕುರ್ಚಿ ಹಾಕಿ ನಡುವೆಯೇ ಕುಳಿತೆ. ನೌಫಲನ ಸ್ಟೂಲು ತಗ್ಗು ಎಂದೆ. ಹಾಡುವ ಹುಡುಗಿ ಮೈಕನ್ನು ನುಂಗುತ್ತಾಳೆ ಎಂದೆ. ಕೀಬೋರ್ಡಿನ ಹುಡುಗನಿಗೆ ಬೆನ್ನು ನೆಟ್ಟಗೆ ಮಾಡು ಎಂದು ಒಂದೇ ಸಂಜೆ ಏಳು ಸಲ ಹೇಳಿದೆ. ಮೂರನೆಯ ವಾರ ಅಭ್ಯಾಸ ಬೋಳಾರಕ್ಕೆ, ನೌಫಲನ ಮನೆಯ ಟೆರೇಸಿಗೆ ಹೋಯಿತು. "ಅಲ್ಲಿ ಗಾಳಿ ಒಳ್ಳೇದುಂಟು ಅಜ್ಜಿ" ಎಂದ ನೌಫಲ್, ನನ್ನ ಮುಖ ನೋಡದೆ.

ನಾನೂ ಎರಡು ದಿನ ಅದನ್ನು ನಂಬಿದೆ. ಮೊನ್ನೆ ಅವನ ತಾಯಿ ಫೋನು ಮಾಡಿ, ಒಂದು ಸಂಜೆ ಚಹಾಕ್ಕೆ ಬನ್ನಿ, ನಿಮ್ಮ ವಿಷಯ ತುಂಬ ಕೇಳಿದ್ದೇನೆ ಎಂದರು. ಖಂಡಿತ ಬರುತ್ತೇನೆ ಎಂದೆ. ಟೆರೇಸಿಗೆ ಎಷ್ಟು ಮೆಟ್ಟಿಲು ಉಂಟು ಎಂದು ಮಾತ್ರ ಕೇಳಿಟ್ಟುಕೊಂಡೆ.