ಎಮ್ಮೆಯ ಬಾಲದ ಋಣ

ಗುಡುಗಿಗೆ ಅಂಜುವ ವಯಸ್ಸು ನನ್ನದಲ್ಲ. ಆದರೂ ಈಗ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಸಾಕು, ಕುರ್ಚಿಯಿಂದ ಒಂದು ಗೇಣು ಮೇಲೇಳುತ್ತೇನೆ. "ಬ್ಯಾಳಿ ಕುದಿಯಾಕತ್ತೈತ್ರಿ, ಸಿಡಿಲಲ್ಲ" ಎಂದು ಹೆಂಡತಿ ಒಳಗಿನಿಂದಲೇ ಸಮಾಧಾನ ಹೇಳುತ್ತಾಳೆ. ಕಾಲೇಜಿನಲ್ಲಿ ನಾನು ಓದಿದ್ದು ಭೌತಶಾಸ್ತ್ರ. ಮಿಂಚುವಾಗ ಮರದ ಕೆಳಗೆ ಯಾಕೆ ನಿಲ್ಲಬಾರದೆಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದವನು. ಅಂಥವನು ಕಳೆದ ಮಳೆಗಾಲದ ಒಂದು ಸಂಜೆ ಗೊಳಸಂಗಿಯ ನಮ್ಮ ಓಣಿಯಲ್ಲಿ ಮಳೆ ಬಂತೆಂದು ಓಡಿಹೋಗಿ ನಿಂತದ್ದು ಬೇವಿನ ಮರದ ಕೆಳಗೇ.

ಅಲ್ಲಿ ಪಕ್ಕದ ಮನೆಯ ಗಂಗವ್ವನ ಎಮ್ಮೆ ಕಟ್ಟಿತ್ತು. ಆಕೆಯ ಸಂಸಾರ ನಡೆಯುವುದೇ ಅದರ ಹಾಲಿನ ಮೇಲೆ. ನನ್ನ ಮೈಮೇಲೆ ಆಗಷ್ಟೇ ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಮ್ಮೆ ನನ್ನನ್ನೊಮ್ಮೆ ನೋಡಿ, ಸಗಣಿಯಲ್ಲಿ ಅದ್ದಿದ ಬಾಲವನ್ನು ಎಡಗೆನ್ನೆಯಿಂದ ಬಲಹೆಗಲಿನವರೆಗೆ ಬೀಸಿ ಎಳೆಯಿತು. ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ, ತೊಳೆದುಕೊಳ್ಳಲು ನಮ್ಮ ನಳದ ಕಡೆ ನಡೆದೆ. ಬೆನ್ನ ಹಿಂದೆ ಜಗತ್ತೆಲ್ಲ ಬೆಳ್ಳಗಾಯಿತು. ತಿರುಗಿ ನೋಡಿದರೆ ಮರ ಸೀಳಿತ್ತು, ಎಮ್ಮೆ ಸತ್ತು ಬಿದ್ದಿತ್ತು, ನಾನು ನಿಂತಿದ್ದ ಜಾಗದಿಂದ ಹೊಗೆ ಏಳುತ್ತಿತ್ತು.

ಮರುದಿನ ಪಶುವೈದ್ಯರು ಬಂದರು. ಸಿಡಿಲಿಗೆ ಸತ್ತ ಎಮ್ಮೆಗೆ ಸರ್ಕಾರದಿಂದ ತುರ್ತು ಪರಿಹಾರ ಸಿಗುತ್ತದೆ, ಆದರೆ ಕಿವಿಯ ಹಳದಿ ಬಿಲ್ಲೆಯ ನಂಬರು ಕಾಣಬೇಕು ಎಂದರು. ಬಿಲ್ಲೆ ಕಡುಕೆಂಪಾಗಿತ್ತು. ಕಾರಹುಣ್ಣಿಮೆಗೆ ಊರವರು ಎತ್ತಿನ ಕೋಡಿಗೆ ಬಣ್ಣ ಬಳಿದರೆ, ಗಂಗವ್ವ ಎಮ್ಮೆಯ ಕೋಡಿಗೂ ಬಳಿದು, ಉಳಿದದ್ದನ್ನು ಬಿಲ್ಲೆಗೆ ಬಡಿದಿದ್ದಳು. "ಇದಕ್ಕ್ಯಾಕ ಹಚ್ಚಿದೆಬೇ ಯವ್ವಾ?" ಎಂದರು ವೈದ್ಯರು. "ಎತ್ತಿಗಷ್ಟ ಸಿಂಗಾರೇನ್ರಿ? ಹಾಲು ಕೊಡಾಕಿ ಇಕಿ. ಕಿವ್ಯಾಗ ಓಲಿ ಇಟ್ಟಂಗ ಕಾಣ್ತಿತ್ರಿ" ಎಂದ ಗಂಗವ್ವ ಸೆರಗು ಬಾಯಿಗೊತ್ತಿಕೊಂಡಳು. "ನಂಬರ ಕಾಣ್ಲಿಲ್ಲಂದ್ರ ರೊಕ್ಕ ಬರೂದಿಲ್ಲೇನ್ರಿ? ಮತ್ತೊಂದು ಎಮ್ಮಿ ಎಲ್ಲಿಂದ ತರ್ಲಿ?"

ನಾನು ಬೈಕಿನಿಂದ ಪೆಟ್ರೋಲು ಇಳಿಸಿ, ಬಾಲದ ಗುರುತು ಹೋಗದ ಅದೇ ಬಿಳಿ ಅಂಗಿಯನ್ನು ಹರಿದು ಬಿಲ್ಲೆ ತಿಕ್ಕತೊಡಗಿದೆ. ತಣ್ಣಗಿನ ಆ ಕಿವಿ ಹಿಡಿದ ಕೈ ಎಷ್ಟು ನಡುಗುತ್ತಿತ್ತೆಂದರೆ, ತಿಕ್ಕುವ ಶ್ರಮವೇ ಬೀಳಲಿಲ್ಲ. "ಸತ್ತದ್ದು ಎಮ್ಮಿರೀ ಸರ್, ನೀವ್ಯಾಕ ನಡಗಾಕತ್ತೀರಿ?" ಎಂದ ವೈದ್ಯರೇ ಬಗ್ಗಿ, ಮೂಡಿದ ಅಂಕಿಗಳನ್ನು ಒಂದೊಂದಾಗಿ ಓದಿದರು.

ಪರಿಹಾರ ಬಂತು. ಅದಕ್ಕೆ ತನ್ನದಿಷ್ಟು ಸೇರಿಸಿ ಗಂಗವ್ವ ಝಳಕಿ ಕಡೆಯಿಂದ ಹೊಸ ಎಮ್ಮೆ ಹೊಡಕೊಂಡು ಬಂದಳು. ಸರ್ಕಾರಿ ಕೆಲಸವೆಂದರೆ ಮೂಗು ಮುರಿಯುತ್ತಿದ್ದ ನಾನು, ಪರಿಹಾರ ಕಳಿಸಿದ, ಮುಖ ಕಾಣದ ಕಚೇರಿಯವರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದೆ. "ನೀವು ಅಲ್ಲೇ ನಿಂತಿದ್ರ ನಿಮಗೂ ಪರಿಹಾರ ಬರ್ತಿತ್ತೇನ್ರಿ?" ಎಂದಳು ಹೆಂಡತಿ. "ಎಮ್ಮೆಗಿಂತ ಹೆಚ್ಚೇ ಬರುತ್ತಿತ್ತು" ಎಂದೆ ಹೆಮ್ಮೆಯಿಂದ. "ಕಿವ್ಯಾಗ ಬಿಲ್ಲಿ ಇಲ್ಲಲ್ಲ, ಯಾರು ಕೊಡ್ತಿದ್ರು?" ಎಂದವಳು, ಆ ಕಡೆ ತಿರುಗಿ ಕಣ್ಣೊರೆಸಿಕೊಂಡು, ನನ್ನ ರೊಟ್ಟಿಯ ಮೇಲೆ ಕೇಳದೆಯೇ ಬೆಣ್ಣೆ ಇಟ್ಟಳು.

ಈಗ ಇಸ್ತ್ರಿ ಮಾಡಿದ ಅಂಗಿ ತೊಟ್ಟಾಗಲೆಲ್ಲ ಹೊಸ ಎಮ್ಮೆಯ ಹಿಂದೆ ಬೇಕೆಂದೇ ಒಂದು ಸುತ್ತು ಹಾಕುತ್ತೇನೆ. ಅದು ಬಲು ಸಂಭಾವಿತ ಎಮ್ಮೆ, ನನ್ನತ್ತ ಬಾಲ ಬೀಸುವುದೇ ಇಲ್ಲ. ಹಾಗಾಗಿ ಮೋಡ ಕವಿದರೆ, ಓದಿದ ಭೌತಶಾಸ್ತ್ರವನ್ನು ನಾನೇ ನೆನಪು ಮಾಡಿಕೊಳ್ಳಬೇಕಾಗಿದೆ.