ಅತ್ತೆಯ ನಾಲಿಗೆ, ಟ್ರಂಪೆಟ್ಟಿನ ಬಾಯಿ

ನಮ್ಮ ಸೋದರತ್ತೆಗೆ ನಾಲಿಗೆ ಹತೋಟಿಯಲ್ಲಿಲ್ಲ ಎಂದು ನೆಂಟರಿಷ್ಟರು ಮೊದಲಿನಿಂದಲೂ ಹೇಳುತ್ತಿದ್ದರು. ಅರವತ್ತೊಂದನೆಯ ವಯಸ್ಸಿನಲ್ಲಿ ಅದನ್ನೇ ಒಬ್ಬ ಬ್ಯಾಂಡ್ ಮಾಸ್ಟರ್ ಹೇಳಿದಾಗ ಮಾತ್ರ ಅವರು ಒಪ್ಪಿಕೊಂಡರು.

ಆರ್.ಟಿ. ನಗರದ ಆ ಮಾಸ್ಟರ್ ಮದುವೆ ಮೆರವಣಿಗೆಗಳಲ್ಲಿ ಟ್ರಂಪೆಟ್ ಊದುವವರು. ಅತ್ತೆ ಅಮೃತಹಳ್ಳಿಯಿಂದ ಬಸ್ಸು ಹಿಡಿದು ಅವರ ಬಳಿ ಪಾಠಕ್ಕೆ ಹೋಗತೊಡಗಿದ್ದರು.

"ಅಮ್ಮಾ, ಒಂದೊಂದು ಸ್ವರಕ್ಕೂ ನಾಲ್ಗೆ ತುದಿ ಹಲ್ಲಿನ ಹಿಂದೆ ಸಣ್ಣಗೆ ತಾಗ್ಬೇಕು, ಬಸ್. ನಿಮ್ದು ನಾಲ್ಗೆ ಜಾಸ್ತಿ ಓಡಾಡ್ತದೆ. ‘ತು’ ಅನ್ನಿ. ‘ಥೂ’ ಅಲ್ಲ."

ಆ ವ್ಯತ್ಯಾಸವನ್ನು ಅತ್ತೆ ವಾಪಸು ಬರುವ ಬಸ್ಸಿನಲ್ಲೇ ಅಭ್ಯಾಸ ಮಾಡಿದರು. ಹೆಬ್ಬಾಳ ದಾಟುವುದರೊಳಗೆ ಪಕ್ಕದಲ್ಲಿದ್ದವರು ಎದ್ದು ನಿಂತಿದ್ದರು.

"ನಾನೇನ್ ಮಾಡ್ದೆ ಅಂತ ಉಗೀತಿದೀರಮ್ಮ?"

"ನಿಮಗಲ್ಲ ಕಣ್ರೀ, ಸ್ವರಕ್ಕೆ."

ಅವರು ಸೀಟು ಬಿಟ್ಟುಕೊಟ್ಟು ಹಿಂದಕ್ಕೆ ಹೋದರು.

ಮುಂದಿನ ಪಾಠ ‘ತು-ಕು’. ವೇಗವಾಗಿ ಊದಬೇಕಾದರೆ ನಾಲಿಗೆಯ ತುದಿಯೂ ಬುಡವೂ ಸರದಿಯಲ್ಲಿ ದುಡಿಯಬೇಕು. ಅತ್ತೆಯ ‘ಕು’ ಸೋಮಾರಿ ಎಂದು ತೀರ್ಪಾಯಿತು. ಸರಿ, ಜಕ್ಕೂರು ಕೆರೆಯ ದಂಡೆಯ ಮೇಲೆ ಬೆಳಗಿನ ನಡಿಗೆಯುದ್ದಕ್ಕೂ ಬರೀ ‘ಕು, ಕು, ಕು’. ಉದ್ದನೆಯ ಕ್ಯಾಮೆರಾ ಹಿಡಿದ ಒಬ್ಬರು ಮರದಿಂದ ಮರಕ್ಕೆ ಹುಡುಕುತ್ತಾ ಬಂದು, "ಮೇಡಂ, ಸ್ವಲ್ಪ ಸದ್ದು ಮಾಡ್ಬೇಡಿ, ಇಲ್ಲೇ ಎಲ್ಲೋ ಇದೆ" ಎಂದರು. ಅತ್ತೆ ಮರ್ಯಾದೆಯಿಂದ ಸುಮ್ಮನಾದರು. ಹಕ್ಕಿಯೂ ಸುಮ್ಮನಾಯಿತು. ಕ್ಯಾಮೆರಾದವರು ಅರ್ಧ ಗಂಟೆ ಕಾದರು.

ಕೊನೆಗೆ ಬಂಧುಬಳಗದ ಪರವಾಗಿ ಬುದ್ಧಿ ಹೇಳಲು ನನ್ನನ್ನು ಕಳಿಸಲಾಯಿತು.

"ವೀಣೆ ಕಲೀಬಹುದಿತ್ತಲ್ಲ ಅತ್ತೆ?"

"ವೀಣೆ ನಿಮ್ಮಾವಂಗೆ ಕೇಳ್ಸಲ್ಲ ಕಣೋ."

ಮಾವನ ಕಿವಿ ಪೂರ್ತಿ ಹೋಗಿ ಎರಡು ವರ್ಷವಾಗಿತ್ತು. "ಇದು ಕೇಳ್ಸತ್ತಾ?" ಎಂದೆ.

"ಇದೂ ಕೇಳ್ಸಲ್ಲ. ಕೈಗೆ ಗೊತ್ತಾಗತ್ತೆ."

ಅಂದು ಸಂಜೆ ತಾರಸಿಯಲ್ಲಿ ನೋಡಿದೆ. ಮಾವ ಎದುರು ಕುರ್ಚಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ಟ್ರಂಪೆಟ್ಟಿನ ಅಗಲ ಬಾಯಿಯ ಅಂಚಿಗೆ ನಾಲ್ಕು ಬೆರಳು ಇಟ್ಟಿದ್ದರು. ಅತ್ತೆ ಎಂಟು ಸ್ವರ ಊದಿದರು.

"ಆರನೇದು ಅಂಟ್ಕೊಂಡಿದೆ" ಎಂದರು ಮಾವ.

ಅತ್ತೆ ಎದುರಾಡಲಿಲ್ಲ. ತುಟಿ ಒರೆಸಿಕೊಂಡು ಮೊದಲಿನಿಂದ ಊದಿದರು. ಎಂಟೂ ಬಿಡಿಬಿಡಿಯಾಗಿ ಬಂದವು.

ಎರಡು ವರ್ಷದಿಂದ ಯಾರು ಏನೇ ಅಂದರೂ ಸುಮ್ಮನೆ ತಲೆಯಾಡಿಸಿಬಿಡುತ್ತಿದ್ದ ಮಾವ, ಬೆರಳು ತೆಗೆಯದೆ, "ಇನ್ನೊಂದ್ಸಲ" ಎಂದು ಕೇಳಿದರು.